ಎಲ್ಲರಿಗೂ ಒಂದೇ ಪಾಸ್‌ವರ್ಡ್

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಬುಡದಿಂದ ತುದಿಯವರೆಗೆ ಎರಡು ಹೋಳು. ಒಂದು ಹೋಳು ಇನ್ನೊಂದಕ್ಕಿಂತ ಕೊಂಚ ಮೇಲೆದ್ದಿತ್ತು. ರಾಜಾಜಿನಗರದಲ್ಲಿ ಅವರ ತಂದೆಗೆ ಸಣ್ಣದೊಂದು ಲೇತ್ ವರ್ಕ್‌ಶಾಪ್ ಇತ್ತು. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಅಲ್ಲಿನ ಯಂತ್ರವೊಂದಕ್ಕೆ ಬೆರಳು ಸಿಕ್ಕಿ ಆದ ಗಾಯವಂತೆ. ಕೀಬೋರ್ಡಿನ ಉದ್ದನೆಯ ಕೀಲಿಯನ್ನು ಅವರು ಅದೇ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಉಗುರಿನ ಅಂಚು ತಗಲಿ ಪದಪದಕ್ಕೂ ಒಂದು ಸಣ್ಣ ಟಕ್. ಆ ಸದ್ದು ನಿಂತಿತೆಂದರೆ ಮೇಡಂ ಏನೋ ತಪ್ಪು ಕಂಡುಹಿಡಿದಿದ್ದಾರೆ, ಈಗ ಯಾರದೋ ಗ್ರಹಚಾರ ಬಿಡಿಸುತ್ತಾರೆ ಎಂದು ನಮಗೆಲ್ಲ ತಿಳಿಯುತ್ತಿತ್ತು.

ಅವರು ನನ್ನ ಮೊದಲ ಕೆಲಸದ ಮೇಲಧಿಕಾರಿ. ನಾಯಂಡಹಳ್ಳಿಯ ಗೋಡೌನುಗಳ ನಡುವೆ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಕೆಳಗಡೆ ಕಬ್ಬಿಣ ಕತ್ತರಿಸುವ ಸದ್ದು, ಮೇಲೆ ನಾವು. ಕಾಟನ್ ಸೀರೆ ಉಟ್ಟು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಹೆಲ್ಮೆಟ್ಟಿನಿಂದ ಚಪ್ಪಟೆಯಾದ ಕೂದಲನ್ನು ಬೆರಳಿನಿಂದಲೇ ಬಾಚಿಕೊಳ್ಳುತ್ತ ಅವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಎಷ್ಟೋ ದೊಡ್ಡ ಕಂಪನಿಗಳಲ್ಲಿ ಸರ್ವರ್ ಕೆಲಸ ಮಾಡಿ ಬಂದವರು. ಅದನ್ನು ಮುಚ್ಚಿಡುವ ವಿನಯ ಅವರಿಗಿರಲಿಲ್ಲ. ಜೋರಾಗಿ ಮಾತಾಡುವರು, ಜೋರಾಗಿ ನಗುವರು. ಯಾರಾದರೂ ಕಂಪ್ಯೂಟರ್ ಲಾಕ್ ಮಾಡದೆ ಕಾಫಿಗೆ ಹೋದರೆ ಆ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಡುವರು. ಯಾರಿಗೆ ಫೋನ್ ಮಾಡಿದರೂ ಮೊದಲು ತಮ್ಮ ಹೆಸರು ಹೇಳುವರು, ಮನೆಯಲ್ಲಿದ್ದ ತಂಗಿಗೆ ಮಾಡಿದಾಗಲೂ. ಇನ್ನೊಂದು ವಿಚಿತ್ರವಿತ್ತು. ಖುಷಿಯಾಗಿದ್ದಾಗ ನನ್ನನ್ನು "ಏನೇ, ಬಾರೇ" ಎನ್ನುತ್ತಿದ್ದರು. ಸಿಟ್ಟು ಬಂದರೆ "ನೀವು" ಶುರುವಾಗುತ್ತಿತ್ತು. ಸಿಟ್ಟು ತೀರಾ ಏರಿದರೆ "ತಾವು."

ನಮ್ಮ ಕೆಲಸ ಇಷ್ಟೇ. ಲ್ಯಾಬಿನಲ್ಲಿ ಒಬ್ಬರ ರಕ್ತ ಪರೀಕ್ಷೆಯ ರಿಪೋರ್ಟ್ ಸಿದ್ಧವಾದರೆ ಅದು ನಮ್ಮ ಮೆಸೇಜ್ ಸರ್ವರಿಗೆ ಬಂದು ಕೂರುತ್ತಿತ್ತು. ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಕಡೆಯ ಸಣ್ಣ ಸಣ್ಣ ಕ್ಲಿನಿಕ್ಕುಗಳ ಕಂಪ್ಯೂಟರಿನಲ್ಲಿ ನಮ್ಮದೊಂದು ಪ್ರೋಗ್ರಾಂ ಇರುತ್ತಿತ್ತು. ಅದು ಬೆಳಗ್ಗೆ ಎದ್ದ ಕೂಡಲೇ ಸರ್ವರಿಗೆ ಕನೆಕ್ಟ್ ಆಗಿ, ತನ್ನ ಕ್ಲಿನಿಕ್ಕಿನ ರೋಗಿಗಳ ರಿಪೋರ್ಟುಗಳನ್ನು ಇಳಿಸಿಕೊಳ್ಳಬೇಕು. ಹಾಗೆ ಕನೆಕ್ಟ್ ಆಗುವ ಗಳಿಗೆಯಲ್ಲಿ ಪ್ರೋಗ್ರಾಂ ಒಂದು ಹೆಸರನ್ನೂ ಒಂದು ಪಾಸ್‌ವರ್ಡನ್ನೂ ಕೊಡಬೇಕಾದ್ದು ಕ್ರಮ. ಸರ್ವರ್ ಅದನ್ನು ನೋಡಿ, ಇವರು ಇಂಥ ಕ್ಲಿನಿಕ್ಕಿನವರು, ಇವರಿಗೆ ಇಷ್ಟು ಮಾತ್ರ ಕೊಡಬಹುದು ಎಂದು ತೀರ್ಮಾನಿಸುತ್ತದೆ.

ನಾನು ಸೇರಿದಾಗ ನಮ್ಮ ಸರ್ವರ್ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ವಿಳಾಸ ಗೊತ್ತಿದ್ದವರೆಲ್ಲ ಒಳಗೆ. ಮೇಡಂ ಅದನ್ನು ನೋಡಿದ ದಿನ ಸಂಜೆಯವರೆಗೂ ಎಲ್ಲರಿಗೂ "ತಾವು" ಎಂದೇ ಮಾತಾಡಿದರು.

ಆಮೇಲೆ ಅವರು ಕೂತು ಪ್ರತಿ ಕ್ಲಿನಿಕ್ಕಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಿದರು. ಅದನ್ನು ಪ್ರೋಗ್ರಾಮಿನ ಒಳಗೆ ಬರೆದಿಡಲು ನಮ್ಮನ್ನು ಬಿಡಲಿಲ್ಲ. ಆಯಾ ಕಂಪ್ಯೂಟರಿನಲ್ಲೇ ಭದ್ರವಾಗಿ ಇಡಬೇಕು, ಕನೆಕ್ಟ್ ಆಗುವಾಗ ಅಲ್ಲಿಂದ ಎತ್ತಿಕೊಡಬೇಕು, ದಾರಿಯಲ್ಲಿ ಯಾರೂ ಓದಲಾಗದ ಹಾಗೆ ಹೋಗಬೇಕು. ಇದನ್ನೆಲ್ಲ ಫೋನಿನಲ್ಲಿ ಹೇಳಿ ಮಾಡಿಸಿದರೆ ಆಗದೆಂದು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಒಂದೊಂದೇ ಕ್ಲಿನಿಕ್ಕಿಗೆ ಹೊರಟರು.

ಆ ಓಡಾಟ ನನಗೆ ಚೆನ್ನಾಗಿ ನೆನಪಿದೆ. ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ನಾವು ಪಾಸ್‌ವರ್ಡ್ ಕೊಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ರಿಸೆಪ್ಷನಿನ ಹುಡುಗಿ ಅದನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿದ್ದಳು. ಮೇಡಂ ಹಿಂದಕ್ಕೆ ಬಂದು ಅದನ್ನು ಕಿತ್ತು ಚೂರು ಮಾಡಿ, "ಮನೆ ಬೀಗದ ಕೈನ ಬಾಗಿಲಿಗೇ ನೇತಾಕಿ ಬರ್ತೀಯೇನಮ್ಮ?" ಎಂದು ಕೇಳಿದರು. ಹುಡುಗಿ, "ಮರೆತೋಗುತ್ತಲ್ಲ ಆಂಟಿ" ಎಂದಳು. "ನೀನು ನೆನಪಿಟ್ಕೊಳ್ಳೋದೇ ಬೇಡ. ಕಂಪ್ಯೂಟರೇ ಹೇಳ್ಕೊಳ್ಳುತ್ತೆ. ನಿನ್ನ ಕೈಗೆ ಕೊಟ್ಟಿದ್ದೇ ನನ್ನ ತಪ್ಪು" ಎಂದು ಹೊಸ ಪಾಸ್‌ವರ್ಡ್ ಹಾಕಿ, ಅದನ್ನು ಯಾರಿಗೂ ಹೇಳದೆ ಹೊರಟರು. ಅಲ್ಲಿಂದ ಮುಂದೆ ಯಾವ ಕ್ಲಿನಿಕ್ಕಿನಲ್ಲೂ ಬಾಯಿ ಬಿಟ್ಟು ಪಾಸ್‌ವರ್ಡ್ ಹೇಳಲಿಲ್ಲ.

ಬಸವೇಶ್ವರನಗರದ ವಯಸ್ಸಾದ ಡಾಕ್ಟರೊಬ್ಬರಿಗೆ ಬೇಸರವಾಯಿತು. "ಯಾಕಮ್ಮ ಇಷ್ಟೆಲ್ಲ? ನಾವೇನು ಕಳ್ಳರಾ?"

"ಅಲ್ಲ ಸಾರ್. ಅದಕ್ಕೇ ನಿಮ್ಮ ಹೆಸರು ಬೇರೆ ಇರ್ಲಿ ಅಂತ. ನಾಳೆ ಇನ್ಯಾರೋ ಮಾಡಿದ್ದು ನಿಮ್ಮ ತಲೆ ಮೇಲೆ ಬರಬಾರದಲ್ಲ."

ಡಾಕ್ಟರು ಸ್ವಲ್ಪ ಯೋಚಿಸಿ ಕುರ್ಚಿ ಬಿಟ್ಟುಕೊಟ್ಟರು.

ಇಷ್ಟು ಶ್ರದ್ಧೆಯಿಂದ ಮಾಡಿದ ಕೆಲಸ ಬಾಳಿದ್ದು ಕೆಲವೇ ತಿಂಗಳು. ಮೇಡಂ ಅವರ ತಂದೆಗೆ ಕಣ್ಣಿನ ಆಪರೇಷನ್ ಎಂದು ಅವರು ರಜೆಯ ಮೇಲಿದ್ದರು. ಕೆಂಗೇರಿಯ ಒಂದು ಕ್ಲಿನಿಕ್ಕಿನವರು ಹಳೆಯ ಕಂಪ್ಯೂಟರ್ ಕೆಟ್ಟಿತೆಂದು ಹೊಸದು ತಂದು, ನಮ್ಮ ಪ್ರೋಗ್ರಾಮನ್ನು ತಾವೇ ಹಾಕಿಕೊಂಡಿದ್ದರು. ಪಾಸ್‌ವರ್ಡ್ ಇಲ್ಲದ್ದರಿಂದ ಸರ್ವರ್ ಅದನ್ನು ಒಳಗೆ ಬಿಡಲಿಲ್ಲ. ಸೋಮವಾರ ಬೆಳಗ್ಗೆ, ಕ್ಲಿನಿಕ್ಕಿನ ತುಂಬ ಜನ. ಅಲ್ಲಿನ ಡಾಕ್ಟರು ನೇರವಾಗಿ ನಮ್ಮ ಡೈರೆಕ್ಟರಿಗೆ ಫೋನ್ ಮಾಡಿ ಕೂಗಾಡಿದರು. ನಾನು ಹೋಗಿ ಸರಿಮಾಡಿ ಬರುತ್ತೇನೆ, ಮೆಟ್ರೋ ಹತ್ತಿದರೆ ಬೇಗ ತಲುಪುತ್ತೇನೆ ಎಂದೆ. ಡೈರೆಕ್ಟರ್ ಕೇಳಲಿಲ್ಲ. ಆತ ಕೆಟ್ಟ ಮನುಷ್ಯನಂತೆ ಕಾಣುವವರಲ್ಲ. ನಗುಮುಖ, ಎಲ್ಲರ ಹುಟ್ಟುಹಬ್ಬಕ್ಕೂ ಕೇಕು ತರಿಸುವವರು. ನಗುನಗುತ್ತಲೇ ಇನ್ನೊಬ್ಬ ಎಂಜಿನಿಯರನ್ನು ಕರೆದು ಹೇಳಿದರು. "ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡು ಗುರು. ಪ್ರೋಗ್ರಾಂ ಒಳಗೇ ಬರೆದುಬಿಡು. ಕಸ್ಟಮರ್‌ಗೆ ಏನೂ ಕೇಳಬಾರ್ದು."

ಊಟದ ಹೊತ್ತಿಗೆ ಮುಗಿದೇಹೋಯಿತು. ಮೇಡಂ ತಿಂಗಳುಗಟ್ಟಲೆ ಬೀದಿ ಸುತ್ತಿ ಕಟ್ಟಿದ್ದನ್ನು ಅರ್ಧ ದಿನದಲ್ಲಿ ಕಿತ್ತುಹಾಕಿದರು.

ರಜೆ ಮುಗಿಸಿ ಬಂದ ಮೇಡಂ ಅದನ್ನು ಕಂಡು ಡೈರೆಕ್ಟರ್ ಕೋಣೆಗೆ ಹೋದರು. ಬಾಗಿಲು ಮುಚ್ಚಿದ್ದರೂ ನಮಗೆ ಎಲ್ಲ ಕೇಳಿಸುತ್ತಿತ್ತು.

"ಈಗ ಯಾವ ಕ್ಲಿನಿಕ್ಕಿನವರು ಬೇಕಾದ್ರೂ ಸೆಟ್ಟಿಂಗ್‌ನಲ್ಲಿ ಕ್ಲಿನಿಕ್ ನಂಬರ್ ಬದಲಾಯಿಸಿ ಪಕ್ಕದ ಬೀದಿ ಕ್ಲಿನಿಕ್ಕಿನ ರಿಪೋರ್ಟ್ ತೆಗೀಬಹುದು. ಯಾರು ತೆಗೆದ್ರು ಅಂತಾನೂ ಗೊತ್ತಾಗಲ್ಲ. ತಮಗೆ ಇದು ಅರ್ಥ ಆಗ್ತಾ ಇದೆಯಾ?"

"ಯಾರಿಗೆ ಬೇಕು ಮೇಡಂ ಅವರಿವರ ಶುಗರ್ ರಿಪೋರ್ಟು? ಹೆಂಗಸರಿಗೆ ಸ್ವಲ್ಪ ಭಯ ಜಾಸ್ತಿ. ಆಮೇಲೆ ನೋಡೋಣ ಬಿಡಿ."

ಆ "ಆಮೇಲೆ" ಬರಲೇ ಇಲ್ಲ. ಪ್ರತಿ ಮೀಟಿಂಗಿನಲ್ಲೂ ಮೇಡಂ ಅದೇ ಮಾತು ಎತ್ತುವರು, ಡೈರೆಕ್ಟರ್ ನಗುವರು, ಉಳಿದವರು ನೆಲ ನೋಡುವರು. ಇಷ್ಟಾದ ಮೇಲೂ ಇಲ್ಲೇಕೆ ಇದ್ದೀರಿ, ನಿಮಗೆ ಬೇರೆ ಕಡೆ ಕೆಲಸ ಸಿಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದೆ. ಡಬ್ಬಿಯಿಂದ ನನಗೊಂದು ರೊಟ್ಟಿ ಎತ್ತಿಕೊಡುತ್ತ, "ಸಿಗುತ್ತೆ ಕಣೇ. ನಾನು ಹೋದ್ರೆ ಇಲ್ಲಿ ಇದನ್ನ ಕೇಳೋರೂ ಇರಲ್ಲ" ಎಂದರು.

ಆಮೇಲೆ ಒಂದು ದಿನ, ರಿಪೋರ್ಟಿನ ಅಡಿಯಲ್ಲಿದ್ದ ನಮ್ಮ ಕಂಪನಿಯ ಹೆಸರು ನೋಡಿ ಒಬ್ಬ ಯುವತಿ ನಮ್ಮ ಆಫೀಸಿಗೆ ಬಂದಳು. ಇಪ್ಪತ್ತೈದರ ಆಸುಪಾಸು, ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡಿದ್ದಳು. ಬಸವೇಶ್ವರನಗರದ ಒಂದು ಪ್ಲೇಹೋಮಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳು. ಕುತ್ತಿಗೆಯಲ್ಲಿ ಗಂಟಾಗಿದೆ ಎಂದು ಡಾಕ್ಟರಿಗೆ ತೋರಿಸಿದ್ದಳು. ಪರೀಕ್ಷೆಯಲ್ಲಿ ಗಂಟಿನ ಕ್ಷಯ ಎಂದು ಬಂತು. ಅದು ಶ್ವಾಸಕೋಶದ್ದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಔಷಧಿ ತೆಗೆದುಕೊಂಡರೆ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಡಾಕ್ಟರು ಇವಳನ್ನು ಕರೆದು ಹೇಳುವ ಮೊದಲೇ ಆ ರಿಪೋರ್ಟಿನ ಫೋಟೋ ಪ್ಲೇಹೋಮಿನ ಪೋಷಕರ ಮೊಬೈಲ್ ಗ್ರೂಪಿನಲ್ಲಿ ಹರಿದಾಡಿತ್ತು. ಇವಳ ಹೆಸರು, ವಯಸ್ಸು, ಕಾಯಿಲೆಯ ಹೆಸರು, ಎಲ್ಲ ಇತ್ತು. ಬೆಳಗ್ಗೆ ಇವಳು ಕೆಲಸಕ್ಕೆ ಹೋದಾಗ ಪ್ಲೇಹೋಮಿನ ಯಜಮಾನಿ ಗೇಟಿನ ಆಚೆಯೇ ನಿಲ್ಲಿಸಿ ವಾಪಸ್ ಕಳಿಸಿದ್ದರು. ಒಳಗಿನಿಂದ ಮಕ್ಕಳು "ಮಿಸ್, ಮಿಸ್" ಎಂದು ಕೂಗುತ್ತಿದ್ದರಂತೆ.

ಡೈರೆಕ್ಟರ್ ಅವಳನ್ನು ರಿಸೆಪ್ಷನಿನಲ್ಲೇ ಕೂರಿಸಿ, ನಿಂತುಕೊಂಡೇ ಮಾತಾಡಿದರು. ನಮ್ಮ ಸಿಸ್ಟಂ ತುಂಬ ಸೇಫ್, ಬೇರೆ ಎಲ್ಲೋ ಆಗಿರಬೇಕು, ವಿಚಾರಿಸುತ್ತೇವೆ ಎಂದು ನಗುತ್ತಲೇ ಹೇಳಿ ಒಳಗೆ ಹೋದರು. ಆಗ ಮೇಡಂ ಎದ್ದು ಹೋಗಿ ಅವಳನ್ನು ತಮ್ಮ ಟೇಬಲ್ಲಿಗೆ ಕರೆತಂದರು. ನಾನು ಚಹಾ ತಂದೆ. ಸರ್ವರಿನಲ್ಲಿ ಯಾರು ಯಾವಾಗ ಕನೆಕ್ಟ್ ಆದರು ಎಂದು ದಾಖಲಾಗುವ ಪುಟವನ್ನು ಮೇಡಂ ಅವಳ ಮುಂದೆಯೇ ತೆರೆದರು. ಅವಳ ರಿಪೋರ್ಟನ್ನು ಎರಡು ಕಡೆ ಇಳಿಸಿಕೊಂಡಿದ್ದರು. ಒಂದು ಅವಳ ಡಾಕ್ಟರ ಕ್ಲಿನಿಕ್ಕೇ ಇರಬೇಕು. ಇನ್ನೊಂದು ಯಾರದು? ಎರಡೂ ಕಡೆ ಒಂದೇ ಹೆಸರು. ಅದರ ಮೇಲಿನ ಸಾಲಿನಲ್ಲೂ ಅದೇ, ಕೆಳಗಿನ ಸಾಲಿನಲ್ಲೂ ಅದೇ. ಎಲ್ಲ ಕ್ಲಿನಿಕ್ಕುಗಳೂ ಒಂದೇ ಹೆಸರಿನಲ್ಲಿ ಬಂದು ಹೋಗಿದ್ದವು.

"ನಿಮ್ಮ ರಿಪೋರ್ಟು ನಮ್ಮಿಂದಾನೇ ಹೋಗಿದೆ" ಎಂದರು ಮೇಡಂ. "ಯಾರು ತೆಗೆದ್ರು ಅಂತ ನಮಗೆ ಹೇಳೋಕಾಗಲ್ಲ. ಹೇಳೋಕಾಗದ ಹಾಗೆ ಮಾಡಿಟ್ಟಿರೋದೂ ನಾವೇ."

ಅವಳು ಪರದೆಯನ್ನೇ ನೋಡುತ್ತಿದ್ದಳು. ಅಲ್ಲಿಂದ ಕಣ್ಣು ತೆಗೆಯದೆ ಕೇಳಿದಳು: "ಯಾರ ಹೆಸರೂ ಇಲ್ಲ ಅಂದ್ರೆ ಯಾರೂ ಮಾಡಿಲ್ಲ ಅಂತಾನಾ ಮೇಡಂ?"

ಮೇಡಂ ಆ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟರು.

ಆ ವಾರವೇ ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರು ಮಾತಾಡಬೇಕೆಂದು ನಮ್ಮ ಆಫೀಸಿಗೆ ಬಂದರು. ಅವರ ಲ್ಯಾಬಿನ ಹೆಸರು ಕೆಡುತ್ತಿತ್ತು. ಮೀಟಿಂಗಿನಲ್ಲಿ ಅವರು, ಡೈರೆಕ್ಟರ್, ಮೇಡಂ ಮತ್ತು ನಾನು. ಡೈರೆಕ್ಟರ್ ಬಿಸ್ಕತ್ತಿನ ತಟ್ಟೆಯನ್ನು ಅವರ ಕಡೆ ಸರಿಸಿ, ತುಂಬ ಬೇಸರದ ದನಿಯಲ್ಲಿ ಹೇಳಿದರು: "ಸಾರ್, ಸರ್ವರ್ ಜವಾಬ್ದಾರಿ ಪೂರ್ತಿ ಮೇಡಂದು. ಅವರ ಕಡೆಯಿಂದ ಸ್ವಲ್ಪ ನೆಗ್ಲಿಜೆನ್ಸ್ ಆಗಿದೆ. ನಾವು ಆ್ಯಕ್ಷನ್ ತಗೋತಾ ಇದೀವಿ."

ಒಂದು ಮೀಟಿಂಗನ್ನೂ ಬಿಡದೆ ಬೇಡ ಬೇಡ ಎಂದು ಬಡಿದುಕೊಂಡವರ ಮೇಲೆ, ಅದನ್ನು ಮಾಡಿಸಿದ ಮನುಷ್ಯ, ಬಿಸ್ಕತ್ತು ಮುಂದಿಡುತ್ತ ಹೇಳಿದ ಮಾತು ಅದು.

ಮೇಡಂ ಕೂಗಲಿಲ್ಲ. "ಪ್ರತಿ ಕ್ಲಿನಿಕ್ಕಿಗೂ ಬೇರೆ ಪಾಸ್‌ವರ್ಡ್ ಹಾಕಿದ್ದು ನಾನು. ತೆಗೆಸಿದ್ದು ತಾವು. ನಾನು ರಜೆ ಮೇಲಿದ್ದಾಗ ತೆಗೆಸಿದ್ರಿ. ಇದು ತಮಗೂ ಗೊತ್ತು, ಈ ಆಫೀಸಿನ ಎಲ್ಲರಿಗೂ ಗೊತ್ತು" ಎಂದರು.

ಲ್ಯಾಬಿನ ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನಮ್ಮ?"

"ಹೌದು ಸಾರ್" ಎಂದೆ. "ಮೇಡಂ ಜೊತೆ ನಾನೂ ಎಲ್ಲ ಕ್ಲಿನಿಕ್ಕಿಗೂ ಹೋಗಿದ್ದೆ. ತೆಗೆದ ದಿನಾನೂ ನಾನು ಇಲ್ಲೇ ಇದ್ದೆ."

ಅಂದು ಸಂಜೆಯೊಳಗೆ ಮೇಡಂ ಅವರನ್ನು ಕೆಲಸದಿಂದ ತೆಗೆದರು. ಲ್ಯಾಪ್‌ಟಾಪ್ ಇಸಿದುಕೊಂಡರು. ಸರ್ವರಿನಲ್ಲಿ ಅವರಿಗಿದ್ದ ಹೆಸರನ್ನು, ಪಾಸ್‌ವರ್ಡನ್ನು ಅವರು ಮೆಟ್ಟಿಲಿಳಿಯುವ ಮುಂಚೆಯೇ ಅಳಿಸಿದರು. ರೋಗಿಗಳ ಗುಟ್ಟು ಕಾಯಲು ಪ್ರತಿ ಕ್ಲಿನಿಕ್ಕಿಗೂ ಬೇರೆ ಬೇರೆ ಹೆಸರು ಇಡುವುದು ಬೇಡವೆಂದವರಿಗೆ, ಒಬ್ಬ ಹೆಂಗಸನ್ನು ಹೊರಹಾಕಲು ಅವರೊಬ್ಬರದೇ ಹೆಸರನ್ನು ಹುಡುಕಿ ತೆಗೆಯುವುದು ಎಷ್ಟು ಸಲೀಸಾಗಿತ್ತು. ತಿಂಗಳು ಕಳೆಯುವುದರೊಳಗೆ ನನ್ನನ್ನೂ ಕಳಿಸಿದರು. ಆ ಬಗ್ಗೆ ನನಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ನನಗೆ ಬೇಗನೇ ಬೇರೆ ಕೆಲಸ ಸಿಕ್ಕಿತು.

ಮೇಡಂ ಮನೆಯಲ್ಲಿ ಕೂರಲಿಲ್ಲ. ಆ ಯುವತಿಯನ್ನು ಕರೆದುಕೊಂಡು ಪೊಲೀಸ್ ಸ್ಟೇಷನ್ನಿಗೆ ಹೋದರು. ಯಾರ ಮೇಲೆ ಅನುಮಾನ ಎಂದು ಕೇಳಿದ್ದಕ್ಕೆ ಹೇಳಲು ಹೆಸರಿರಲಿಲ್ಲ. ದೂರು ಬರೆದುಕೊಂಡರು, ಅಲ್ಲಿಗೇ ನಿಂತಿತು. ಪ್ಲೇಹೋಮಿಗೂ ಹೋದರು. ನಾನೂ ಆಟೋದಲ್ಲಿ ಅವರ ಹಿಂದೆಯೇ ಹೋಗಿದ್ದೆ. ಅಂಟುವುದಿಲ್ಲ ಎಂದು ಡಾಕ್ಟರೇ ಹೇಳುತ್ತಾರೆ, ಬೇಕಾದರೆ ಈಗಲೇ ಫೋನ್ ಹಚ್ಚಿ ಕೊಡುತ್ತೇನೆ ಎಂದರು ಮೇಡಂ. ಯಜಮಾನಿ ಗೇಟಿಗೆ ಕೈಯಿಟ್ಟು ನಿಂತಿದ್ದರು. "ನನಗೆ ಗೊತ್ತು ಮೇಡಂ. ಪೇರೆಂಟ್ಸ್ ಒಪ್ಪಲ್ಲ, ನಾನೇನು ಮಾಡ್ಲಿ?"

"ಆ ಫೋಟೋ ಹಾಕಿದೋರು ಯಾರು ಅಂತ ನಿಮ್ಮ ಗ್ರೂಪಲ್ಲಿ ಕೇಳಿದ್ರಾ?"

"ಯಾರೋ ಕಳಿಸಿದ್ದನ್ನ ಯಾರೋ ಹಾಕಿದ್ದಾರೆ. ಮಕ್ಕಳ ಒಳ್ಳೇದಕ್ಕೇ ತಾನೇ ಹಾಕಿರೋದು."

"ಹಾಗಾದ್ರೆ ತಾವೂ ತಮ್ಮ ರಿಪೋರ್ಟೆಲ್ಲ ಗ್ರೂಪಿಗೆ ಹಾಕಿ. ಮಕ್ಕಳಿಗೆ ಒಳ್ಳೇದಾಗ್ಲಿ" ಎಂದು ಮೇಡಂ ಆ ಯುವತಿಯ ಕೈ ಹಿಡಿದು ಹೊರಟುಬಂದರು. ದಾರಿಯಲ್ಲಿ ಅವಳು ಅಳಲು ಶುರುಮಾಡಿದಾಗ ಸ್ಕೂಟರ್ ನಿಲ್ಲಿಸಿ, ಒಂದು ಬೇಕರಿಯ ಮುಂದೆ ನಿಂತು, ಅವಳಿಗೆ ಸಮಾಧಾನವಾಗುವವರೆಗೆ ಕಾದರು.

ಅವಳ ಔಷಧಿ ಮುಗಿದು ಗಂಟು ಕರಗಿತು. ಕೆಂಗೇರಿ ಉಪನಗರದ ಒಂದು ಶಾಲೆಯಲ್ಲಿ ಮೇಡಂ ಪರಿಚಯದವರಿದ್ದರು. ಅವರಿಗೆ ಕಾಯಿಲೆಯ ವಿಷಯವನ್ನು ಅವಳಿಂದಲೇ ಮೊದಲು ಹೇಳಿಸಿ, ಆಮೇಲೆ ಕೆಲಸ ಕೇಳಿಸಿದರು. ಈಗಲೂ ಅಲ್ಲೇ ಇದ್ದಾಳೆ. ಆ ರಿಪೋರ್ಟನ್ನು ತೆಗೆದವರು ಯಾರೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಲ್ಯಾಬಿನ ಡಾಕ್ಟರು ಮಾತ್ರ ಆ ಮೀಟಿಂಗನ್ನು ಮರೆತಿರಲಿಲ್ಲ. ಪ್ರತಿ ಕ್ಲಿನಿಕ್ಕಿಗೂ ಬೇರೆ ಪಾಸ್‌ವರ್ಡ್ ಇಲ್ಲದಿದ್ದರೆ ನಿಮ್ಮ ಸಹವಾಸವೇ ಬೇಡ ಎಂದು ಅವರು ಹಟ ಹಿಡಿದ ಮೇಲೆ ಡೈರೆಕ್ಟರ್ ಕೊನೆಗೂ ಅದನ್ನು ಮಾಡಿಸಿದರು. ಮಾಡಿಸಿ, ಜಾಹೀರಾತು ಹಾಕಿಸಿದರು. ನಿಮ್ಮ ರೋಗಿಗಳ ಗೌಪ್ಯತೆಯೇ ನಮ್ಮ ಧ್ಯೇಯ ಎಂದು ದಪ್ಪ ಅಕ್ಷರ, ಪಕ್ಕದಲ್ಲಿ ಕೈಕಟ್ಟಿ ನಿಂತು ನಗುತ್ತಿರುವ ಅವರದೇ ಫೋಟೋ. ನಾನು ಅದನ್ನು ಮೇಡಂಗೆ ಕಳಿಸಿದೆ. ಅವರು ಫೋನ್ ಮಾಡಿ, ಎಂದಿನಂತೆ ಮೊದಲು ತಮ್ಮ ಹೆಸರು ಹೇಳಿ, "ಹಾಕಿದ್ದಾರಲ್ಲ, ಅಷ್ಟು ಸಾಕು ಬಿಡೇ" ಎಂದರು. ನನಗೆ ಸಾಕೆನಿಸಲಿಲ್ಲ. ಈಗಲೂ ಅನಿಸುವುದಿಲ್ಲ.

ಕಳೆದ ವರ್ಷ ಒಂದು ಬೆಳಗ್ಗೆ, ಸ್ನಾನ ಮುಗಿಸಿ ಬಂದ ಮೇಡಂ ಎದೆ ಹಿಡಿದುಕೊಂಡು ಕೂತರಂತೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಅವರ ತಂದೆ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ತಂಗಿಯೊಬ್ಬರೇ.

ಹದಿನೈದು ದಿನವೋ ಏನೋ ಕಳೆದ ಮೇಲೆ ಹಳೆಯ ಕಂಪನಿಯಿಂದ ನನಗೊಂದು ಕರೆ ಬಂತು. ಮೇಡಂಗೆ ಶ್ರದ್ಧಾಂಜಲಿ ಸಭೆ, ಬರಬೇಕು. ಹೋಗಬಾರದು ಎಂದುಕೊಂಡೆ. ಅವರ ತಂಗಿಯನ್ನೂ ಕರೆದಿದ್ದಾರೆ, ಮನೆಯಿಂದ ಫೋಟೋ ತರಿಸಿಕೊಂಡಿದ್ದಾರೆ ಎಂದು ತಿಳಿದು ಹೋದೆ. ಅದೇ ಎರಡನೇ ಮಹಡಿ. ಟೇಬಲ್ಲಿನ ಮೇಲೆ ಮೇಡಂ ಫೋಟೋ, ಅದಕ್ಕೆ ದೊಡ್ಡ ಸುಗಂಧರಾಜದ ಹಾರ. ಡೈರೆಕ್ಟರ್ ಮೈಕ್ ಹಿಡಿದು, ಮೇಡಂ ನಮ್ಮ ಕಂಪನಿಯ ಆಧಾರಸ್ತಂಭ, ನಮ್ಮಲ್ಲಿ ಭದ್ರತೆ ತಂದವರೇ ಅವರು, ಮನೆಯ ತೊಂದರೆಯಿಂದ ಬಿಟ್ಟು ಹೋಗಬೇಕಾಯಿತು, ನಾವೆಲ್ಲ ತಡೆದರೂ ನಿಲ್ಲಲಿಲ್ಲ ಎಂದರು.

ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಮೊದಲೇ ಯೋಚಿಸಿಕೊಂಡು ಹೋಗಿರಲಿಲ್ಲ.

"ಸಾರ್, ಅವರು ಬಿಟ್ಟು ಹೋಗಲಿಲ್ಲ. ನೀವು ತೆಗೆದ್ರಿ. ನೀವು ಈಗ ಹೇಳಿದ್ರಲ್ಲ ಭದ್ರತೆ ಅಂತ, ಅದಕ್ಕೇ ತೆಗೆದ್ರಿ."

ಡೈರೆಕ್ಟರ್ ಮೈಕನ್ನು ಬಾಯಿಂದ ದೂರ ಹಿಡಿದು, "ಇವತ್ತು ಇದೆಲ್ಲ ಬೇಡಮ್ಮ" ಎಂದರು.

"ಇವತ್ತಲ್ದೆ ಇನ್ಯಾವತ್ತು ಹೇಳ್ಲಿ ಸಾರ್?"

ಅವರು ಉತ್ತರ ಕೊಡುವ ಮೊದಲೇ ಮುಂದಿನ ಸಾಲಿನಲ್ಲಿ ಕೂತಿದ್ದ ಮೇಡಂ ತಂಗಿ ಎದ್ದರು. ಟೇಬಲ್ಲಿನ ಹತ್ತಿರ ಹೋಗಿ, ಹಾರವನ್ನು ತೆಗೆದು ಪಕ್ಕಕ್ಕಿಟ್ಟು, ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಇದು ನಮ್ಮನೇದು. ತಗೊಂಡು ಹೋಗ್ತೀನಿ" ಎಂದು ಹೇಳಿ ನನ್ನ ಕಡೆ ನೋಡಿದರು. ಇಬ್ಬರೂ ಮೆಟ್ಟಿಲಿಳಿದೆವು.

ಆಟೋದಲ್ಲಿ ಫೋಟೋವನ್ನು ಇಬ್ಬರ ತೊಡೆಯ ಮೇಲೂ ಇಟ್ಟುಕೊಂಡು ಕೂತೆವು. ಟೋಲ್‌ಗೇಟ್ ದಾಟಿದ ಮೇಲೆ ಅವರು ಮೆಲ್ಲಗೆ ಹೇಳಿದರು.

"ತೆಗೆದ್ರು ಅಂತ ಅಕ್ಕ ನಮಗೆ ಹೇಳ್ಲೇ ಇಲ್ಲ. ಸಾಕಾಗಿತ್ತು, ನಾನೇ ಬಿಟ್ಟೆ ಅಂದಿದ್ಲು. ಅಪ್ಪ ಅವಳನ್ನ ಎಷ್ಟು ಬೈದ್ರು ಗೊತ್ತಾ? ಇಷ್ಟು ಓದಿ ಯಾವ ಕೆಲಸದಲ್ಲೂ ನಿಲ್ಲಲ್ಲ, ಎಲ್ಲರ ಜೊತೆ ಜಗಳ ಅಂತ. ನಾನೂ ಹಂಗೇ ಅಂದ್ಕೊಂಡಿದ್ದೆ. ಅವಳು ಸುಮ್ನೆ ಬೈಸ್ಕೊಂಡ್ಲು."

ತಪ್ಪು ಮಾಡಿದವನು ಊರ ತುಂಬ ಫೋಟೋ ಹಾಕಿಸಿಕೊಂಡ. ಇವರು ಮನೆಯವರ ಮುಂದೆಯೂ ಜಗಳಗಂಟಿಯಾಗಿಯೇ ಸತ್ತರು.

"ಏನಾಯ್ತು ಅಂತ ಮೊದಲಿಂದ ಹೇಳಿ" ಎಂದರು ಅವರು. "ಒಂದೂ ಬಿಡಬೇಡಿ."

ಹೇಳತೊಡಗಿದೆ. ಸ್ಕೂಟರಿನಲ್ಲಿ ಕ್ಲಿನಿಕ್ಕುಗಳನ್ನು ಸುತ್ತಿದ್ದು, ಡೈರೆಕ್ಟರ್ ಅದನ್ನೆಲ್ಲ ಅಳಿಸಿದ್ದು, ಆ ಯುವತಿ ಬಂದದ್ದು. ಬಸವೇಶ್ವರನಗರದ ಮನೆಯ ಮುಂದೆ ಆಟೋ ನಿಂತಾಗ ನಾನಿನ್ನೂ ಮೀಟಿಂಗಿನವರೆಗೂ ಬಂದಿರಲಿಲ್ಲ. ಡ್ರೈವರ್ ಒಮ್ಮೆ ಹಿಂತಿರುಗಿ ನೋಡಿ, ಎಂಜಿನ್ ಆರಿಸಿದರು. ನಾವಿಬ್ಬರೂ ಇಳಿಯಲಿಲ್ಲ.